ಸಾವಧಾನ್

ಹುಲುಗಮ್ಮ ಗಂಡನ ಎಡಗಿವಿಗೆ ಇನ್ನೊಂದು ಚೂರು ಹತ್ತಿ ಹಿಂಜಿ ತುರುಕಿದಳು. ಮೊದಲು ಇಟ್ಟಿದ್ದು ಸಾಲದೆನಿಸಿ ಕಿರುಬೆರಳಿನಿಂದ ಒಳಕ್ಕೆ ಒತ್ತಿದಳು. ಬಲಗಿವಿಯಲ್ಲಿ ಆಗಲೇ ಒಂದು ಹಿಡಿಯಷ್ಟು ಸೇರಿ, ಹೊರಗೆ ಬೆಳ್ಳಗೆ ಉಬ್ಬಿತ್ತು.

"ಏ ಹುಲುಗಿ, ಸಾಕು ಬಿಡ. ಪದ್ಧತಿಗೆ ಅಂತ ಒಂಚೂರು ಇಟ್ರ ಆತು. ದಿಂಬಿಗೆ ತುಂಬಿದಂಗ ತುಂಬಾಕ ಹತ್ತೀಯಲ್ಲ" ಎಂದಳು ನಾದಿನಿ ಕೆಂಚಕ್ಕ.

"ಇನ್ನೊಂದೀಟು ಇರ್ಲಿ ಯಕ್ಕಾ."

"ಸತ್ತಾರಿಗೆ ಕಿವಿ ಕೇಳತಾವೇನ?"

ಹೊರಗೆ ಕಟ್ಟೆಯ ಮೇಲೆ ಕೂತು ಏಕಾಂತಪ್ಪ ಬಂದೂಕಿನ ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆದಾಡುತ್ತಿದ್ದ. ಆ ಸರಪರ ಸದ್ದು ಒಳಗೆ ಹುಲುಗಮ್ಮನಿಗೆ ಕೇಳುತ್ತಲೇ ಇತ್ತು.

ಗಾದಿಲಿಂಗಪ್ಪ ಬೆಳಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಐವತ್ತಾರು ವರ್ಷ. ಕೊಟ್ಟೂರಿನಿಂದ ಉಜ್ಜಿನಿ ಕಡೆಗೆ ಹೋಗುವ ದಾರಿಯ ಆ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಉಸ್ತಾದ್. ಸೈನ್ಯದಲ್ಲಿ ಕವಾಯತು ಕಲಿಸುವವನನ್ನು ಹಾಗೆ ಕರೆಯುತ್ತಾರೆ. ಊರಿನ ಅರ್ಧ ಜನ ಮಾತ್ರ ಇವನು ಯಾವುದೋ ಕಾಲದಲ್ಲಿ ಗರಡಿಮನೆಯ ಉಸ್ತಾದನಾಗಿದ್ದನೆಂದೇ ನಂಬಿದ್ದರು. ಅವನ ಕಡ್ಡಿಯಂಥ ತೋಳು ದಿನಾ ನೋಡಿಯೂ ಅವರ ನಂಬಿಕೆ ಕದಲಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಎಪ್ಪತ್ತೊಂದರ ಯುದ್ಧ ಶುರುವಾದಾಗ, ಸೈನ್ಯ ಬಿಟ್ಟು ಊರಲ್ಲಿದ್ದ ಹವಾಲ್ದಾರ ಗಾದಿಲಿಂಗಪ್ಪ ಕೂಡ್ಲಿಗಿಯ ಕ್ಯಾಂಪಿನಲ್ಲಿ ನಲವತ್ತು ಹುಡುಗರಿಗೆ ತರಬೇತಿ ಕೊಟ್ಟಿದ್ದ. ಆ ನಲವತ್ತರಲ್ಲಿ ಹನ್ನೊಂದು ಜನ ಇವತ್ತು ಮಣ್ಣಿಗೆ ಬಂದಿದ್ದರು. ಕೆಲವರು ಟ್ರಂಕಿನಲ್ಲಿ ಹುಡುಕಿ ಹಳೆಯ ಖಾಕಿ ಟೋಪಿ ಹಾಕಿಕೊಂಡಿದ್ದರು. ಕೊಟ್ಟೂರು ಬಸ್ ನಿಲ್ದಾಣದ ಎದುರು ಹೋಟೆಲ್ ನಡೆಸುವ ಪಾಲಣ್ಣನ ತಲೆ ಈಗ ಟೋಪಿಗೆ ದೊಡ್ಡದಾಗಿತ್ತು. ಅವನು ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದ.

ಹನ್ನೊಂದು ಜನಕ್ಕೆ ಮುಂದಾಳು ಏಕಾಂತಪ್ಪ. ಶೇಂಗಾ ಎಣ್ಣೆ ಗಿರಣಿಯ ಸಾಹುಕಾರ. ಹೊಲಕ್ಕೆ ಬರುವ ಹಂದಿ ಓಡಿಸಲೆಂದು ಲೈಸೆನ್ಸ್ ಮಾಡಿಸಿದ ಜೋಡುನಳಿಗೆ ಬಂದೂಕು ಅವನದು. ಇನ್ನೆರಡು ಬಂದೂಕು ಅವನ ನೆಂಟರ ಮನೆಯಿಂದ ಬಂದಿದ್ದವು. ಬಂದ ಕೂಡಲೇ ಅವನು ಅಂಗಳದಲ್ಲಿ ನಿಂತು ಸಾರಿದ್ದ: "ಮಿಲ್ಟ್ರಿ ಮನಿಷಾನ ಕಳ್ಸೋ ರೀತಿ ಬ್ಯಾರೆ ಐತಿ. ಮೂರು ಬಂದೂಕ, ಮೂರು ಸಲ. ಒಟ್ಟು ಒಂಬತ್ತು ಗುಂಡು. ಗುಡ್ಡ ಅದುರಬೇಕು ನೋಡ್ರಿ!"

ಹಂಪಸಾಗರದಿಂದ ಬಂದಿದ್ದ ಮಗಳು ಉಚ್ಚಂಗೆಮ್ಮ ಅಳುತ್ತಲೇ ತಲೆಯಾಡಿಸಿದ್ದಳು. "ಹಾರ್ಸ್ರಿ ಕಾಕಾ. ನಮ್ಮಪ್ಪ ಯಾರಿಗೂ ಅಂಜಿದಾತ ಅಲ್ಲ."

ಹುಲುಗಮ್ಮನಿಗೆ ಹೆದರಿಕೆ ಹತ್ತಿದ್ದು ಆವಾಗಲೇ. ಗಂಡ ಸತ್ತ ದುಃಖ ಇನ್ನೂ ಬಂದು ಮುಟ್ಟಿರಲಿಲ್ಲ. ಅದಕ್ಕಿಂತ ಮುಂಚೆ ಹೆದರಿಕೆ ಬಂದಿತ್ತು. ಗುಂಡಿನ ಸದ್ದಿಗೆ ಈ ಮನುಷ್ಯ ಎಷ್ಟು ಹೆದರುತ್ತಿದ್ದನೆಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವಳು. ಇನ್ನೊಬ್ಬ ಆ ಹನ್ನೊಂದು ಜನರಲ್ಲಿ ಕೊನೆಗೆ ನಿಂತಿದ್ದ ಲೈನ್‌ಮನ್ ಓಬಣ್ಣ.

* * *

ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂದ ಮೂರನೆಯ ದಿನ ಮನೆ ಮುಂದೆ ಜೀಪು ನಿಂತಿತ್ತು. ಊರೂರಿನಿಂದ ಹುಡುಗರನ್ನು ಕೂಡಿಸಿ ಕ್ಯಾಂಪು ಮಾಡುತ್ತಿದ್ದೇವೆ, ಕಲಿಸಲು ಜನ ಇಲ್ಲ, ನೀವೇ ಬರಬೇಕು ಎಂದ ಜೀಪಿನ ಅಧಿಕಾರಿ. ಗಾದಿಲಿಂಗಪ್ಪ "ಆಗ್ಲಿ ಸಾಹೇಬ್ರ" ಎಂದುಬಿಟ್ಟ. ಆಗುವುದಿಲ್ಲ ಎನ್ನುವ ಅಭ್ಯಾಸವನ್ನು ಸೈನ್ಯ ಅವನಿಂದ ಬಿಡಿಸಿತ್ತು.

ಕ್ಯಾಂಪು ಕೂಡ್ಲಿಗಿಯ ಹೊರಗೆ, ಗುಡ್ಡದ ಕೆಳಗಿನ ಬಯಲಿನಲ್ಲಿ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರು. ದೇಶಕ್ಕಾಗಿ ಬಂದವರು ಒಂದಷ್ಟು ಜನ, ಖಾಕಿ ಅಂಗಿಗೆ ಬಂದವರು ಒಂದಷ್ಟು ಜನ. ಓಬಣ್ಣನಿಗೆ ಹತ್ತೊಂಬತ್ತು. ಎರಡು ಹೊತ್ತಿನ ಊಟ ಸರಕಾರದ್ದೆಂದು ಕೇಳಿ ಬಂದವನು ಮೊದಲ ದಿನವೇ ಹೆದರಿಹೋದ. ವೈರಿಯ ವಿಮಾನ ತುಂಗಭದ್ರೆಯ ಡ್ಯಾಮಿಗೆ ಬಾಂಬು ಹಾಕಲಿದೆ ಎಂದು ಒಬ್ಬ ಹೇಳಿದ. ಚೆನ್ನಾಗಿ ಕಲಿತವರನ್ನು ಮೊದಲು ರೈಲು ಹತ್ತಿಸಿ ಗಡಿಗೆ ಕಳಿಸುತ್ತಾರೆ ಎಂದು ಇನ್ನೊಬ್ಬ ಹೇಳಿದ. ಅಲ್ಲಿಂದ ಮುಂದೆ ಯಾರಿಗೂ ಚೆನ್ನಾಗಿ ಕಲಿಯುವ ಮನಸ್ಸಿರಲಿಲ್ಲ. ಆಕಾಶದಲ್ಲಿ ಹದ್ದು ತಿರುಗಿದರೂ ನಲವತ್ತು ತಲೆಗಳು ಮೇಲೇಳುತ್ತಿದ್ದವು.

ಮೊದಲ ಬೆಳಗ್ಗೆ ಸಾಲಿನ ಮುಂದೆ ನಿಂತು ಗಾದಿಲಿಂಗಪ್ಪ ಕೂಗಿದ: "ಸಾವಧಾನ್!"

ಹುಡುಗರು ನಿಟ್ಟುಸಿರು ಬಿಟ್ಟರು. ಹೆಗಲು ಇಳಿಬಿಟ್ಟರು. ಅವಸರವಿಲ್ಲ, ನಿಧಾನಕ್ಕೆ ಮಾಡಿದರಾಯಿತು ಎಂದುಕೊಂಡು ಪಾಲಣ್ಣ ಕೂತೇಬಿಟ್ಟ.

"ಏಯ್! ಏಳಲೇ! ಯಾಕ ಕುಂತಿ?"

"ನೀವ ಸಾವಧಾನ ಅಂದ್ರೆಲ್ರಿ ಉಸ್ತಾದ್‌ರ?"

"ಸಾವಧಾನ್ ಅಂದ್ರ ಹಿಮ್ಮಡ ಕೂಡ್ಸಿ ಕಂಬ ಆಗಬೇಕು!"

"ನಮ್ಮ ಕಡಿ ಸಾವಧಾನ ಅಂದ್ರ ಸಾವಕಾಶ ಅಂತರಿ. ನಮ್ಮವ್ವ ದಿನಾ ಅಂತಾಳ, ಸಾವಧಾನ ಉಣ್ಣಪ ಅಂತ."

ಗಾದಿಲಿಂಗಪ್ಪ ನಗದೆ ಇರಲು ಬಹಳ ಕಷ್ಟಪಟ್ಟ. "ಅದು ನಿಮ್ಮವ್ವನ ಸಾವಧಾನ. ಇದು ಹಿಂದಿ ಸಾವಧಾನ್. ಇದನ್ನ ಅಂದ ಮ್ಯಾಲ, ನಾನು ವಿಶ್ರಾಮ್ ಅನ್ನೋತನ ಮೂಗಿನ ಮ್ಯಾಲ ನೊಣ ಕುಂತ್ರೂ ಅಳ್ಳಾಡಬಾರ್ದು. ತಿಳೀತಾ?"

ಮಾತು ಹುಡುಗರ ತಲೆಗೆ ಹತ್ತಲಿಲ್ಲ, ಕಾಲಿಗೆ ಹತ್ತಿತು. ದಿನಕ್ಕೆ ನೂರು ಸಲ ಕೂಗಿ ಕೂಗಿ ಅವನು ಅದನ್ನು ಹಿಮ್ಮಡಿಯೊಳಗೆ ಇಳಿಸಿಬಿಟ್ಟ. ಎಷ್ಟೋ ವರ್ಷದ ಮೇಲೂ ಕೊಟ್ಟೂರಿಗೆ ಹೋದಾಗ ಹೋಟೆಲಿನ ಬಾಗಿಲಲ್ಲಿ ನಿಂತು ಉಸ್ತಾದ್ ಒಮ್ಮೆ "ಸಾವಧಾನ್!" ಎಂದರೆ, ಪಾಲಣ್ಣ ಚಹಾದ ತಟ್ಟೆ ಹಿಡಿದೇ ಕಂಬವಾಗುತ್ತಿದ್ದ. ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು.

* * *

ಹೆಣಕ್ಕೆ ನೀರು ಹಾಕಿಸಿ, ಹೊಸ ಧೋತರ ಉಡಿಸಿ ಪಡಸಾಲೆಯಲ್ಲಿ ಕೂರಿಸಿದ ಮೇಲೆ ಹುಲುಗಮ್ಮ ಹಿತ್ತಿಲಿಗೆ ಬಂದಳು. ಕಣ್ಸನ್ನೆ ಮಾಡಿ ಓಬಣ್ಣನನ್ನು ಕರೆದಳು.

"ಓಬಣ್ಣ, ಗುಂಡು ಹಾರ್ಸೋದು ಬ್ಯಾಡ ಅನ್ನಪ."

"ನಾನ ಹ್ಯಾಂಗ ಅನ್ಲಿ ಯಕ್ಕಾ?"

"ನೀ ಕಂಡೀಯಲ್ಲ. ನಿನಗ ಗೊತ್ತೈತಿ."

ಹನ್ನೆರಡು ವರ್ಷದಲ್ಲಿ ಇಬ್ಬರೂ ಆ ವಿಷಯ ಎತ್ತಿದ್ದು ಇದೇ ಮೊದಲು. ಓಬಣ್ಣ ತಲೆ ತಗ್ಗಿಸಿದ.

"ಜೀವ ಹೋಗಿ ಇನ್ನ ಒಂದ ದಿನ ಆಗಿಲ್ಲ" ಎಂದಳು ಹುಲುಗಮ್ಮ. "ಇಲ್ಲೇ ಎಲ್ಲೋ ಅದಾರ ಅನಿಸ್ತೈತಿ ನನಗ. ಜೀವ ಇದ್ದಾಗ ನಾನ ಜೊತಿ ಇರ್ತಿದ್ದೆ. ಕುಣಿಯಾಗ ಯಾರದಾರ? ಒಬ್ರ ಅಂಜ್ತಾರ."

"ನೀನ ಹೇಳಿಬಿಡು ಹಂಗಾರ. ಉಚ್ಚಂಗಿಗೆ ಆದ್ರೂ ಹೇಳು."

"ಆಕಿ ಹುಟ್ಟಿದಾಗಿನಿಂದ ನಮ್ಮಪ್ಪ ಹುಲಿ ಅಂತ ಬೆಳದಾಳ. ಇವತ್ತ ಹೇಳ್ಲೇನು, ನಿಮ್ಮಪ್ಪ ಪಟಾಕಿಗೂ ನಡುಗ್ತಿದ್ದ ಅಂತ? ಹೆಣದ ಮುಂದ?"

ಓಬಣ್ಣ ಅಂಗಳಕ್ಕೆ ಬಂದ. ಏಕಾಂತಪ್ಪನ ಪಕ್ಕ ಕಟ್ಟೆಯ ಮೇಲೆ ಕೂತ.

"ಏಕಾಂತಣ್ಣ, ಗುಂಡು ಹಾರ್ಸಾಕ ಪೊಲೀಸರದು ಏನರ ತಕರಾರು ಬಂದೀತು."

"ಸ್ಟೇಷನ್‌ಗೆ ಹೇಳಿ ಬಂದೀನಿ ಬಿಡಲೇ. ಸಾಹೇಬ್ರು ಕೈ ಮುಗಿದು ಹೋಗ್ರಿ ಅಂದ್ರು."

"ದನ ಕರ ಬೆದರ್ತಾವ."

"ಬೆದರ್ಲಿ. ಒಂದ ದಿನ ಬೆದರಿದ್ರ ಹಾಲು ಕಡಿಮಿ ಆಗಂಗಿಲ್ಲ."

"ಹಲಿಗಿ ಐತಿ, ಭಜನಿಯಾರು ಅದಾರ, ಸಾಕಲ್ಲ... ಆತಗೂ ಇವೆಲ್ಲ ಆಡಂಬರ ಸೇರ್ತಿರಲಿಲ್ಲ."

ಏಕಾಂತಪ್ಪ ಎಣ್ಣೆಬಟ್ಟೆ ಕೆಳಗಿಟ್ಟು ಅವನ ಮುಖ ನೋಡಿದ. "ಏನಲೇ ಓಬ, ಒಂದ ಸವನ ಬ್ಯಾಡ ಬ್ಯಾಡ ಅಂತೀಯಲ್ಲ. ಯಾಕ, ಉಸ್ತಾದಗ ಗುಂಡಂದ್ರ ಅಂಜಿಕಿ ಇತ್ತೇನ ಮತ್ತ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸಾವಿನ ಮನೆಯೆಂಬುದೂ ಮರೆತು ಪಾಲಣ್ಣ ತೊಡೆ ತಟ್ಟಿದ. ಬಾಗಿಲಲ್ಲಿ ನಿಂತಿದ್ದ ಉಚ್ಚಂಗೆಮ್ಮನ ಅತ್ತು ಕೆಂಪಾದ ಮುಖದ ಮೇಲೂ ಸಣ್ಣದೊಂದು ನಗು ಬಂದು ಹೋಯಿತು. ಹೌದು ಎಂಬ ಮಾತು ಓಬಣ್ಣನ ನಾಲಗೆಯ ತುದಿಗೆ ಬಂದಿತ್ತು. ಆ ನಗು ನೋಡಿ ಅವನು ಅದನ್ನು ನುಂಗಿದ. ಎಲ್ಲರ ಜೊತೆ ತಾನೂ ನಕ್ಕ. ತನ್ನ ನಗುವಿಗೆ ತಾನೇ ಹೇಸಿದ.

ಒಳಗಿನಿಂದ ಹುಲುಗಮ್ಮ ಆ ನಗು ಕೇಳಿಸಿಕೊಂಡಳು. ಇನ್ನು ಯಾರೂ ತಡೆಯುವುದಿಲ್ಲ ಎಂದು ಗೊತ್ತಾಗಿ, ಮತ್ತೆ ಹೋಗಿ ಕಿವಿಯ ಹತ್ತಿ ಸರಿಮಾಡಿದಳು.

* * *

ಕ್ಯಾಂಪಿನಲ್ಲಿ ಗುಂಡು ಹಾರಿಸುವ ದಿನ ಒಂಬತ್ತನೆಯದು. ಅಲ್ಲಿಯವರೆಗೆ ಕವಾಯತೆಲ್ಲ ಕೈಯಲ್ಲಿ ಬಡಿಗೆ ಹಿಡಿದೇ ನಡೆದಿತ್ತು. ಅವತ್ತು ನಾಲ್ಕು ರೈಫಲ್ ಬಂದವು. ಒಬ್ಬೊಬ್ಬರಿಗೆ ಐದು ಗುಂಡು. ಗುಡ್ಡದ ಬುಡದಲ್ಲಿ ಗುರಿಹಲಗೆ ನೆಟ್ಟಿದ್ದರು. ಹಲಗೆಯ ಕೆಳಗೆ ಆಳೆತ್ತರದ ಕಂದಕ. ಅದರಲ್ಲಿ ಒಬ್ಬ ಕೂತು, ಪ್ರತಿ ಗುಂಡಿಗೂ ಅದು ಎಲ್ಲಿ ಬಿತ್ತೆಂದು ಕೆಂಪು ಬಾವುಟ ಎತ್ತಿ ತೋರಿಸಬೇಕು. ತಲೆಯ ಮೇಲೇ ಗುಂಡು ಹಾಯುವ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ.

"ಅದನ್ನ ನಾನ ನೋಡ್ಕೋತೀನಿ" ಎಂದ ಗಾದಿಲಿಂಗಪ್ಪ. ಎರಡು ಕಿವಿಗೂ ಹತ್ತಿ ಇಟ್ಟುಕೊಂಡ. ಅದು ಮಿಲ್ಟ್ರಿಯ ನಿಯಮ ಎಂದ. ಎಂಥ ಗಂಡೆದೆ ಎಂದು ಹುಡುಗರು ಬೆರಗಾದರು. ಗುಂಡಿನ ಸದ್ದಿನಿಂದ ದೂರ ಇರಲು, ಯಾರ ಕಣ್ಣಿಗೂ ಬೀಳದಿರಲು ಆ ಬಯಲಿನಲ್ಲಿ ಇದ್ದುದು ಅದೊಂದೇ ತಾವು ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಓಬಣ್ಣನ ಸರದಿ ಬಂತು. ಕಣ್ಣು ಮುಚ್ಚಿಯೇ ಒತ್ತಿದ. ರೈಫಲ್ ಹೆಗಲಿಗೆ ಒದೆಯಿತು. ಬಾವುಟ ಮೇಲೆ ಬರಲಿಲ್ಲ. ಅಧಿಕಾರಿ ಸೀಟಿ ಊದಿದ. ಆಗಲೂ ಬರಲಿಲ್ಲ.

ಉಸ್ತಾದನನ್ನು ಕೊಂದುಬಿಟ್ಟೆ ಎಂದುಕೊಂಡ ಓಬಣ್ಣ. ರೈಫಲ್ ಅಲ್ಲೇ ಬಿಟ್ಟು ಓಡಿದ. ಹಿಂದಿನಿಂದ ಯಾರೋ ಕೂಗುತ್ತಿದ್ದರು. ಕಂದಕದ ಅಂಚಿಗೆ ಬಂದು ಬಗ್ಗಿ ನೋಡಿದ.

ಗಾದಿಲಿಂಗಪ್ಪ ಮೂಲೆಯಲ್ಲಿ ಮುದುರಿ ಕೂತಿದ್ದ. ತಲೆ ಮೊಳಕಾಲ ನಡುವೆ. ಎರಡು ಕೈಯಲ್ಲಿ ಕಿವಿ ಒತ್ತಿ ಹಿಡಿದಿದ್ದ. ಮೈ ಗಡಗಡ ನಡುಗುತ್ತಿತ್ತು. ಖಾಕಿ ಪ್ಯಾಂಟು ಮುಂದೆಲ್ಲ ಒದ್ದೆಯಾಗಿತ್ತು.

ಬದುಕಿದ್ದಾನೆ ಎಂಬ ಸಮಾಧಾನ ಒಂದು ಗಳಿಗೆ. ಆಮೇಲೆ ಓಬಣ್ಣನಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಉಸ್ತಾದನೇ ಹೀಗಾದರೆ ತಮ್ಮ ಗತಿಯೇನು? ಏನು ಮಾಡಬೇಕೆಂದು ತಿಳಿಯದೆ ಅವನು ಕಂದಕಕ್ಕೆ ಇಳಿದ. ಜ್ವರ ಬಂದು ಕನವರಿಸಿದಾಗ ಅವ್ವ ಬೆನ್ನ ಮೇಲೆ ಕೈಯಾಡಿಸಿ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

"ಸಾವಧಾನ, ಉಸ್ತಾದ್‌ರ... ಸಾವಧಾನ."

ಗಾದಿಲಿಂಗಪ್ಪನ ಕೈ ಕಿವಿಯಿಂದ ಇಳಿಯಿತು. ಗೋಡೆ ಹಿಡಿದು ಎದ್ದ. ಹಿಮ್ಮಡ ಕೂಡಿದವು. ಎದೆ ಮುಂದೆ ಬಂತು. ಕಣ್ಣು ಮುಚ್ಚಿಕೊಂಡೇ, ಕೆನ್ನೆಯ ಮೇಲೆ ನೀರಿಳಿಯುತ್ತಿದ್ದಂತೆಯೇ, ಅವನು ಆ ಕಂದಕದೊಳಗೆ ನೆಟ್ಟಗೆ ನಿಂತ. ಹುಡುಗ ತಾಯಿಯ ಮಾತು ಹೇಳಿದ್ದ. ಉಸ್ತಾದನ ಕಾಲು ಹಿಂದಿಯ ಮಾತು ಕೇಳಿತ್ತು. ಹೇಗೋ ನಡುಕ ನಿಂತಿತು.

ಓಬಣ್ಣ ಅಲ್ಲಿದ್ದ ನೀರಿನ ಕ್ಯಾನು ಎತ್ತಿ ಅವನ ಪ್ಯಾಂಟಿನ ಮೇಲೂ ತನ್ನ ಅಂಗಿಯ ಮೇಲೂ ಸುರಿದ. "ಕ್ಯಾನು ಉರುಳಿ ಬಿತ್ತು ಅಂತ ಅಂದ್ರಾತು" ಎಂದ. ಗಾದಿಲಿಂಗಪ್ಪ ಬಾವುಟ ಎತ್ತಿದ. ಯಾರಿಗೂ ಹೇಳಬೇಡ ಎಂದು ಅವನು ಕೇಳಲಿಲ್ಲ. ಓಬಣ್ಣ ತಾನೇ ಮಣ್ಣು ಮುಟ್ಟಿ ಆಣೆ ಮಾಡಿದ. ಎರಡು ದಿನಕ್ಕೆ ಯುದ್ಧ ಮುಗಿಯಿತು. ಯಾರನ್ನೂ ಗಡಿಗೆ ಕಳಿಸಲಿಲ್ಲ.

ಮನೆಗೆ ಬಂದ ಮೇಲೆ ಗಾದಿಲಿಂಗಪ್ಪ ಹೆಂಡತಿಗೆ ಎಲ್ಲ ಹೇಳಿದ. ಅರವತ್ತೈದರ ಯುದ್ಧದಲ್ಲಿ ಕಂದಕದ ಮೇಲೆ ಬಿದ್ದ ಬಾಂಬು, ಅಕ್ಕಪಕ್ಕದಲ್ಲಿ ಸತ್ತ ಇಬ್ಬರು, ಅವರ ಕೆಳಗೆ ತಾನು ಒಂದು ಹಗಲು ಪೂರ್ತಿ ಬಿದ್ದಿದ್ದು, ಎಲ್ಲ. ಆ ಹುಡುಗ ಅಂದ ಮಾತನ್ನೂ ಹೇಳಿದ. ಅಲ್ಲಿಂದ ಮುಂದೆ ಪ್ರತಿ ದೀಪಾವಳಿಗೂ, ಊರಲ್ಲಿ ಪಟಾಕಿ ಶುರುವಾಗುವ ಮುಂಚೆ, ಜೋಳ ತುಂಬುವ ನೆಲದೊಳಗಿನ ಹಗೇವನ್ನು ಸ್ವಚ್ಛ ಮಾಡುತ್ತೇನೆಂದು ಅವನು ಒಳಗಿಳಿಯುತ್ತಿದ್ದ. ಹುಲುಗಮ್ಮ ಹಗೇವಿನ ಬಾಯಿಯ ಹತ್ತಿರ ಮೊರ ಹಿಡಿದು ಜೋಳ ಹಸನು ಮಾಡುವವಳಂತೆ ಕೂರುತ್ತಿದ್ದಳು. ಹೊರಗೊಂದು ಢಂ ಎಂದರೆ ಸಾಕು, ಬಗ್ಗಿ ಕತ್ತಲೆಯೊಳಗೆ ಹೇಳುತ್ತಿದ್ದಳು: "ಸಾವಧಾನ, ಸಾವಧಾನ. ನಾನಿಲ್ಲೇ ಅದೀನಿ." ಹಬ್ಬದ ದಿನವೂ ಗಂಡನಿಂದ ಹಗೇವು ತೊಳೆಸುತ್ತಾಳೆ ಎಂದು ಓಣಿಯ ಹೆಂಗಸರು ಅವಳನ್ನು ಆಡಿಕೊಂಡರು. ಅವಳು ಆಡಿಸಿಕೊಂಡಳು.

* * *

ಊರ ಹೊರಗಿನ ಹೊಲದ ಬದಿಯಲ್ಲಿ ಕುಣಿ ತೋಡಿದ್ದರು. ಹೊತ್ತು ನೆತ್ತಿಯಿಂದ ಇಳಿದಿತ್ತು. ಹಲಗೆಯವರು ಬಾರಿಸುತ್ತ ಬಂದು ಬೇವಿನ ಮರದ ಹತ್ತಿರ ನಿಂತರು. ಹಲಗೆಯ ಸದ್ದಿಗೆ ಹುಲುಗಮ್ಮ ಹೆದರಿರಲಿಲ್ಲ. ಅದು ಅವನು ಹುಟ್ಟಿದಾಗಿನಿಂದ ಕೇಳಿದ ಸದ್ದು.

ಹನ್ನೊಂದು ಜನ ಕುಣಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಸಾಲು ನಿಂತರು. ಮುಂದೆ ಮೂರು ಬಂದೂಕು. "ಮೈ ನೆಲ ಮುಟ್ಟಿದ ಕೂಡ್ಲೆ ಹಾರ್ಸೋದು. ನಾನು ಕೈ ಎತ್ತತೀನಿ" ಎಂದ ಏಕಾಂತಪ್ಪ.

ಉಚ್ಚಂಗೆಮ್ಮ ತಾಯಿಯ ರಟ್ಟೆ ಹಿಡಿದಿದ್ದಳು. "ಯವ್ವಾ, ಯಾಕ ಹಿಂಗ ನಡುಗ್ತಿ?"

"ಏನಿಲ್ಲವ್ವ."

ಹೇಳಿಬಿಡಲೇ ಎಂದು ಅವಳಿಗೆ ಅನಿಸಿತು. ಇನ್ನೂ ಹೊತ್ತಿದೆ, ಒಂದೇ ಒಂದು ಮಾತು. ಮಗಳ ಮುಖ ನೋಡಿದಳು. ಸಾಲಿನ ಕೊನೆಯ ಓಬಣ್ಣನನ್ನು ನೋಡಿದಳು. ಓಬಣ್ಣ ನೆಲ ನೋಡುತ್ತಿದ್ದ.

ನಾಲ್ಕು ಜನ ಕೆಳಗೆ ಹಾಸಿದ್ದ ಧೋತರದ ಮೂಲೆ ಹಿಡಿದು ಹೆಣವನ್ನು ಇಳಿಬಿಟ್ಟರು. ಹುಲುಗಮ್ಮ ಮಗಳ ಕೈ ಬಿಡಿಸಿಕೊಂಡು ಕುಣಿಯ ಅಂಚಿಗೆ ಹೋದಳು. ಬಗ್ಗಿ ನೋಡಿದಳು. ಒಳಗೆ ಹಗೇವಿನ ಹಾಗೆಯೇ ತಂಪು, ಹಗೇವಿನ ಹಾಗೆಯೇ ಕತ್ತಲೆ. ಇಳಿಸುವ ಕುಲುಕಾಟಕ್ಕೆ ಎಡಗಿವಿಯ ಹತ್ತಿ ಪೂರ್ತಿ ಕಳಚಿ ಅವನ ಎದೆಯ ಮೇಲೆ ಬಿದ್ದಿತ್ತು. ಕಿವಿ ಬರಿದಾಗಿ ಕಾಣುತ್ತಿತ್ತು. ಅದೇ ಹೊತ್ತಿಗೆ ಬೆನ್ನ ಹಿಂದೆ ತೋಟಾ ತುಂಬಿ ನಳಿಗೆ ಮುಚ್ಚಿದ ಸದ್ದು: ಟಕ್, ಟಕ್, ಟಕ್.

ಯಾರಿದ್ದಾರೆ, ಯಾರಿಲ್ಲ, ಅವಳಿಗೆ ತೋಚಲಿಲ್ಲ. ಎರಡು ಕೈ ನೆಲಕ್ಕೂರಿ ಒಳಗಿನ ಕತ್ತಲೆಗೆ ಕೂಗಿದಳು. ದೀಪಾವಳಿಗೆ ಹೇಳುವ ಅದೇ ಮಾತು. ಆದರೆ ಪಿಸುಮಾತಾಗಿರಬೇಕಿದ್ದದ್ದು ಚೀರಾಟವಾಯಿತು. ಉಸಿರು ಕಟ್ಟಿ ಕಡೆಯ ಅಕ್ಷರ ತುಂಡಾಯಿತು.

"ಸಾವಧಾನ್!"

ಹನ್ನೊಂದು ಜೊತೆ ಹಿಮ್ಮಡಗಳು ಒಂದೇ ಏಟಿಗೆ ಕೂಡಿದವು. ಹೆಗಲಿಗೇರಿದ್ದ ಮೂರು ಬಂದೂಕುಗಳು ಇಳಿದು ಬಲಗಾಲ ಪಕ್ಕದಲ್ಲಿ ನಿಂತವು. ಪಾಲಣ್ಣನ ಕೈಯ ಟೋಪಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಬೇಕಿದ್ದ ಏಕಾಂತಪ್ಪನ ಕೈ ತೊಡೆಗೆ ಅಂಟಿಕೊಂಡಿತ್ತು.

ಬಯಲಿನಲ್ಲಿ ಸದ್ದೇ ಇಲ್ಲ.

ಹುಲುಗಮ್ಮ ತಿರುಗಿ ನೋಡಿದಳು. ಏನಾಯಿತೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನೋಡ್ರೆ, ಗಂಡಗ ಆಕೀನ ಸೆಲ್ಯೂಟ್ ಮಾಡಿಸಿದ್ಲು" ಎಂದಳು ಕೆಂಚಕ್ಕ ಮೂಗು ಒರೆಸಿಕೊಳ್ಳುತ್ತ. ಉಚ್ಚಂಗೆಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಓಬಣ್ಣ ಮಾತ್ರ ನೇರ ಮುಂದೆ ನೋಡುತ್ತ ನಿಂತಿದ್ದ. ಅವನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

ಇನ್ನೊಂದು ಮಾತೂ ಹುಲುಗಮ್ಮನಿಗೆ ಗೊತ್ತಿತ್ತು. ಅದನ್ನು ಅಂದರೆ ಕಾಲು ಸಡಿಲವಾಗುತ್ತವೆ, ಕೈ ಬಂದೂಕಿಗೆ ಹೋಗುತ್ತವೆ. ಅವಳು ತುಟಿ ಬಿಗಿದುಕೊಂಡಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಆ ಬರಿಗಿವಿಯ ಕಡೆಗೆ ಮೆಲ್ಲಗೆ ಜಾರಿಸಿದಳು. ಆಮೇಲೆ ಉಳಿದವರು ಹಾಕಿದರು. ಸಲಿಕೆಯವರು ಎಳೆದರು. ಕುಣಿ ತುಂಬಿತು, ದಿಬ್ಬ ಎದ್ದಿತು.

ಹೆಂಗಸರು ಅವಳನ್ನು ಊರ ಕಡೆ ಕರೆದುಕೊಂಡು ಹೊರಟರು. ಹಲಗೆಯವರು ಹೋದರು, ಸಲಿಕೆಯವರು ಹೋದರು. ಆ ಹನ್ನೊಂದು ಜನ ಬಿಸಿಲಿನಲ್ಲಿ ಎದೆಯುಬ್ಬಿಸಿ ನಿಂತೇ ಇದ್ದರು, ಮೂರು ಬಂದೂಕು ತುಂಬಿದಂತೆಯೇ ಇದ್ದವು. ಪಾಲಣ್ಣನ ಮೂಗಿನ ಮೇಲೆ ನೊಣವೊಂದು ಬಂದು ಕೂತಿತು, ಅವನು ಅಳ್ಳಾಡಲಿಲ್ಲ. ವಿಶ್ರಾಮ್ ಎನ್ನಬೇಕಾದವನು ಯಾವ ಸದ್ದೂ ಕೇಳದೆ ಮಣ್ಣಿನೊಳಗೆ ಮಲಗಿದ್ದ.